ಫ್ಲಾರೆನ್ಸ್ ಸುತ್ತಲು ಯಾವುದು ಸರಿ: ಗೈಡ್ ಗುಂಪು, ಓಪನ್ ಬಸ್, ಇಲ್ಲ ನಮ್ಮದೇ ಕಾಲು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಮ್ಮ ಪಾಡಿಗೆ ನಾವು ನಡೆಯುವುದಕ್ಕೆ. ಇಟಲಿಯ ಫ್ಲಾರೆನ್ಸ್‌ನ ಹಳೆ ಊರು ತುಂಬಾ ಚಿಕ್ಕದು. ಸಾಂತಾ ಮರಿಯಾ ನೊವೆಲ್ಲಾ ರೈಲ್ವೆ ಸ್ಟೇಷನ್‌ನಿಂದ ಡುವೊಮೊಗೆ, ಅಂದರೆ ಆ ದೊಡ್ಡ ಕೆಂಪು ಗುಮ್ಮಟದ ಚರ್ಚಿಗೆ, ಹತ್ತು ನಿಮಿಷದ ನಡಿಗೆ. ಅಲ್ಲಿಂದ ಆರ್ನೊ ನದಿ ಮೇಲಿನ ಪೊಂತೆ ವೆಕ್ಕಿಯೊ ಸೇತುವೆಗೆ ಇನ್ನೊಂದು ಹತ್ತು ನಿಮಿಷ. ಇಷ್ಟಕ್ಕೆ ದುಡ್ಡು ಕೊಟ್ಟು ಯಾರದೋ ಬಾವುಟದ ಹಿಂದೆ ಓಡಬೇಕಾ? ಅಮ್ಮನ ಜೊತೆ ಹೋಗಿದ್ದೆ, ಅವರಿಗೆ ಮಂಡಿ ನೋವು, ಹಾಗಾಗಿ ಗುಂಪಿನ ಟೂರು, ಬಸ್ಸು, ಕಾಲ್ನಡಿಗೆ ಮೂರನ್ನೂ ಮಾಡಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಗುಂಪಿನ ಟೂರಿನಲ್ಲಿ ಗೈಡ್ ಚೆನ್ನಾಗಿದ್ದರು. ವಿಷಯ ಗೊತ್ತಿದ್ದವರು, ಕೇಳಿದ್ದಕ್ಕೆ ಬೇಸರ ಇಲ್ಲದೆ ಉತ್ತರ ಕೊಡುತ್ತಿದ್ದರು. ತೊಂದರೆ ಕೊಟ್ಟಿದ್ದು ಹೆಡ್‌ಸೆಟ್.

ಊರಿನ ನಡುಭಾಗದಲ್ಲಿ ಗೈಡ್‌ಗಳು ಸ್ಪೀಕರ್ ಹಾಕಿಕೊಂಡು ಕೂಗುವ ಹಾಗಿಲ್ಲ. ಒಳ್ಳೆ ನಿಯಮವೇ. ಅದಕ್ಕೆ ಎಲ್ಲರ ಕೊರಳಿಗೂ ಒಂದು ಪುಟ್ಟ ಡಬ್ಬಿ ನೇತು ಹಾಕಿ, ಒಂದು ಕಿವಿಗೆ ಪ್ಲಾಸ್ಟಿಕ್ ಕೊಕ್ಕೆ ಸಿಕ್ಕಿಸುತ್ತಾರೆ. ಆ ಕೊಕ್ಕೆ ಅಮ್ಮನ ಕಿವಿಯಲ್ಲಿ ನಿಲ್ಲಲೇ ಇಲ್ಲ. ಓಲೆಗೆ ತಾಗುತ್ತಿತ್ತು, ತಲೆ ಅಲ್ಲಾಡಿಸಿದರೆ ಬೀಳುತ್ತಿತ್ತು, ಕೊನೆಗೆ ಒಂದು ಕೈಯಲ್ಲಿ ಅದನ್ನೇ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ನಡೆದರು. ಅಷ್ಟಾದರೂ ಸಹಿಸಬಹುದಿತ್ತು. ಗೈಡ್ ಒಂದು ತಿರುವು ದಾಟಿದರೆ ಸಾಕು, ಮಾತು ಕರಕರ ಅಂತ ಒಡೆದು ಹೋಗುತ್ತಿತ್ತು. ಅಲ್ಲಿನ ಬೀದಿಗಳು ಕಿರಿದು, ಎರಡೂ ಕಡೆ ದಪ್ಪ ಕಲ್ಲಿನ ಗೋಡೆ, ಸಿಗ್ನಲ್ ಎಲ್ಲಿಂದ ಬರಬೇಕು? ಚೌಕದಲ್ಲಿ ನಾಲ್ಕೈದು ಗುಂಪು ಒಟ್ಟಿಗೆ ನಿಂತಾಗ ಮಧ್ಯೆ ಮಧ್ಯೆ ಜರ್ಮನ್ ಮಾತು ನುಗ್ಗುತ್ತಿತ್ತು.

ಇದರಿಂದ ಏನಾಗುತ್ತೆ ಅಂದರೆ, ಮಾತು ತಪ್ಪಬಾರದು ಅಂತ ನಾವು ಗೈಡ್‌ಗೆ ಅಂಟಿಕೊಂಡೇ ನಡೆಯಬೇಕು. ಇಷ್ಟ ಆದ ಜಾಗದಲ್ಲಿ ನಿಲ್ಲುವ ಹಾಗಿಲ್ಲ. ಡುವೊಮೊದಿಂದ ಸಿನ್ಯೊರಿಯಾ ಚೌಕಕ್ಕೆ ಹೋಗುವ ದಾರಿಯಲ್ಲಿ ಓರ್ಸಾನ್‌ಮಿಕೇಲೆ ಅಂತ ಒಂದು ಕಟ್ಟಡ ಇದೆ. ಧಾನ್ಯದ ಮಾರುಕಟ್ಟೆ ಆಗಿದ್ದದ್ದು ಆಮೇಲೆ ಚರ್ಚ್ ಆಯಿತು. ಅದರ ಹೊರಗೋಡೆಯ ಗೂಡುಗಳಲ್ಲಿ ಒಂದೊಂದು ಕಸುಬಿನ ಸಂಘದವರು ತಮ್ಮ ತಮ್ಮ ಸಂತರ ಮೂರ್ತಿ ನಿಲ್ಲಿಸಿದ್ದಾರೆ. ಕಲ್ಲುಕುಟಿಗರ ಸಂಘದ ಗೂಡಿನಲ್ಲಿ ನಾಲ್ಕು ಜನ ಸಂತರು ನಿಂತಿದ್ದಾರೆ, ಅವರ ಕಾಲ ಕೆಳಗೆ ಒಂದು ಚಿಕ್ಕ ಉಬ್ಬುಶಿಲ್ಪ. ಒಬ್ಬ ಗೋಡೆ ಕಟ್ಟುತ್ತಿದ್ದಾನೆ, ಒಬ್ಬ ಕಂಬ ಕೊರೆಯುತ್ತಿದ್ದಾನೆ, ಇನ್ನೊಬ್ಬ ಮಗುವಿನ ಮೂರ್ತಿ ಕೆತ್ತುತ್ತಿದ್ದಾನೆ. ಕೆತ್ತಿದವರು ತಮ್ಮ ಕೆಲಸವನ್ನೇ ಕೆತ್ತಿಟ್ಟಿದ್ದಾರೆ! ನಾನು ಅದರ ಮುಂದೆ ನಿಂತಿದ್ದಾಗ ಕಿವಿಯಲ್ಲಿ ಗೈಡ್, ಮಿಕೆಲಾಂಜೆಲೊ ಕೆತ್ತಿದ ಡೇವಿಡ್ ಮೂರ್ತಿ ಬಗ್ಗೆ ಹೇಳಿ ಮುಗಿಸುತ್ತಿದ್ದರು, ಅದೂ ಅರ್ಧಂಬರ್ಧ ಕೇಳಿಸಿತು. ಬೇಲೂರಲ್ಲಿ ಗೋಡೆಯ ಪಟ್ಟಿಕೆಯನ್ನು ಬಗ್ಗಿ ಬಗ್ಗಿ ನೋಡಿ ಬೆಳೆದವರಿಗೆ ಇದು ಆಗಿಬರುವುದಿಲ್ಲ.

ಓಪನ್ ಬಸ್, ಅಂದರೆ ಮೇಲೆ ಛಾವಣಿ ಇಲ್ಲದ ಟೂರಿಸ್ಟ್ ಬಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಳೆ ಊರಿನ ಗಲ್ಲಿಗಳಿಗೆ ಅದು ಹೋಗುವುದೇ ಇಲ್ಲ, ಹೋಗಲು ಆಗುವುದೂ ಇಲ್ಲ. ಹೆಚ್ಚಾಗಿ ಸುತ್ತುವುದು ಹೊರಗಿನ ಅಗಲ ರಸ್ತೆಗಳಲ್ಲಿ. 1865ರಿಂದ 1871ರವರೆಗೆ ಫ್ಲಾರೆನ್ಸ್ ಇಟಲಿಯ ರಾಜಧಾನಿ ಆಗಿತ್ತಲ್ಲ, ಆಗ ಹಳೆ ಕೋಟೆ ಗೋಡೆ ಒಡೆದು ಮಾಡಿದ ರಸ್ತೆಗಳು ಅವು. ಮರ, ಟ್ರಾಫಿಕ್, ಬಿಸಿಲು. ಊರಿನ ಮೇಲಿಂದ ನೋಟ ಸಿಗುವ ಮಿಕೆಲಾಂಜೆಲೊ ಚೌಕಕ್ಕೆ ಬಸ್ ಹೋಗುತ್ತೆ, ನಿಜ, ಆದರೆ ಅಲ್ಲಿಗೆ ಊರಿನ ಮಾಮೂಲಿ 12 ನಂಬರ್ ಬಸ್ ಕೂಡ ಹೋಗುತ್ತೆ, ತೀರಾ ಕಮ್ಮಿ ದುಡ್ಡಿಗೆ.

ಈಗ ನನ್ನ ಇಷ್ಟದ್ದು. ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದ್ದವರಿಗೆ ಫ್ಲಾರೆನ್ಸ್ ಬೇರೆಯೇ ಊರು. ಏಳು ಗಂಟೆಗೆ ಡುವೊಮೊ ಎದುರಿನ ಬ್ಯಾಪ್ಟಿಸ್ಟ್ರಿಯ, ಅಂದರೆ ದೀಕ್ಷಾಸ್ನಾನದ ಕಟ್ಟಡದ, ಚಿನ್ನದ ಲೇಪದ ಬಾಗಿಲ ಮುಂದೆ ಆರಾಮಾಗಿ ನಿಲ್ಲಬಹುದು. ಗಿಬೆರ್ತಿ ಎಂಬ ಶಿಲ್ಪಿ 1425ರಿಂದ 1452ರವರೆಗೆ ಕೂತು ಮಾಡಿದ ಬಾಗಿಲು ಅದು. ಈಗ ಅಲ್ಲಿರುವುದು ನಕಲು, ಮೂಲ ಡುವೊಮೊ ಹಿಂಭಾಗದ ಮ್ಯೂಸಿಯಂನಲ್ಲಿದೆ. ಹತ್ತು ಗಂಟೆಯ ಮೇಲೆ ಅಲ್ಲಿ ಸೆಲ್ಫಿ ಕೋಲುಗಳ ನಡುವೆ ತಲೆ ತೂರಿಸಬೇಕು. ಸಿನ್ಯೊರಿಯಾ ಚೌಕದಲ್ಲೂ ಅಷ್ಟೆ. ಸವೊನರೋಲಾ ಎಂಬ ಸನ್ಯಾಸಿಯನ್ನು 1498ರ ಮೇ 23ರಂದು ಗಲ್ಲಿಗೆ ಹಾಕಿ ಸುಟ್ಟ ಜಾಗಕ್ಕೆ ನೆಲದಲ್ಲಿ ಒಂದು ದುಂಡು ಕಲ್ಲು ಹಾಕಿದ್ದಾರೆ. ಹಗಲಲ್ಲಿ ಅದರ ಮೇಲೆ ಜನ ನಿಂತಿರುತ್ತಾರೆ, ಕಾಣುವುದೇ ಇಲ್ಲ.

ಅಮ್ಮನ ಮಂಡಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದು ಮುಖ್ಯ. ಬೀದಿಯಲ್ಲಿ ಬೆಂಚು ಕಮ್ಮಿ. ಆದರೆ ಸ್ತ್ರೊಜ್ಜಿ ಅರಮನೆ, ಮೆದಿಚಿ ಅರಮನೆ, ಇಂಥ ಹಳೆ ಮನೆಗಳ ಗೋಡೆಯ ಬುಡದಲ್ಲಿ ಉದ್ದಕ್ಕೂ ಕಲ್ಲಿನ ಜಗಲಿ ಕಟ್ಟಿದ್ದಾರೆ. ನಮ್ಮ ಪಾಡಿಗೆ ನಡೆದಾಗ ಅಮ್ಮ ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ ಅಂತ ಲೆಕ್ಕ ಹಾಕಿಕೊಂಡು ಅರ್ಧ ಊರು ನೋಡಿದರು. ಗುಂಪಿನಲ್ಲಿ ಕೂರುವುದು ಅನ್ನುವ ಮಾತೇ ಇಲ್ಲ. ಡುವೊಮೊ ಗುಮ್ಮಟದ ಆಸೆ ಮಾತ್ರ ಮಂಡಿ ನೋವಿನವರು ಬಿಡಿ: 463 ಮೆಟ್ಟಿಲು, ಲಿಫ್ಟ್ ಇಲ್ಲ, ಟಿಕೆಟ್ ಮುಂಚೆಯೇ ಸಮಯ ಹಾಕಿ ಕಾದಿರಿಸಬೇಕು.

ಕಾಲ್ನಡಿಗೆಯಲ್ಲಿ ಸಿಕ್ಕಿದ ಒಂದು ಜಾಗ ಹೇಳಲೇಬೇಕು. ಸಾಂತಾ ಕ್ರೋಚೆ ಚರ್ಚಿನ ಹತ್ತಿರ ವಿಯಾ ದೈ ನೇರಿ ಬೀದಿಗೆ ವಿಯಾ ಸಾನ್ ರೆಮಿಜಿಯೊ ಸೇರುವ ಮೂಲೆ. ಗೋಡೆ ಮೇಲೆ ಒಂದು ಹಳೆ ಕಲ್ಲು, ಅದರಲ್ಲಿ ನೀರಿನ ಅಲೆ, ಒಂದು ಕೈ ಬೆರಳು ಚಾಚಿ ಆ ಅಲೆಯನ್ನು ತೋರಿಸುತ್ತಿದೆ. 1333ರ ನವೆಂಬರ್ 4ರಂದು ಆರ್ನೊ ಪ್ರವಾಹ ಅಲ್ಲಿವರೆಗೆ ಬಂದಿತ್ತು. ಅದಕ್ಕಿಂತ ಮೇಲೆ ಇನ್ನೊಂದು ಫಲಕ, 1966ರದು. ತಾರೀಕು ಅದೇ, ನವೆಂಬರ್ 4! ಕತ್ತೆತ್ತಿ ನೋಡಬೇಕು, ನಮ್ಮ ತಲೆಗಿಂತ ಎಷ್ಟೋ ಮೇಲಿದೆ. ಅಮ್ಮ ಆ ಬೆರಳನ್ನೇ ನೋಡುತ್ತಾ ತುಂಬಾ ಹೊತ್ತು ನಿಂತರು. ನಮ್ಮ ಗುಂಪಿನ ಟೂರು ಈ ಬೀದಿಗೆ ಕಾಲೇ ಇಡಲಿಲ್ಲ.

ಕೊರತೆ ಇಲ್ಲವಾ ಅಂದರೆ, ಇದೆ. ಕಥೆ ಹೇಳುವವರು ಇರುವುದಿಲ್ಲ, ಹಿಂದಿನ ರಾತ್ರಿ ಸ್ವಲ್ಪ ಓದಿಕೊಂಡು ಹೊರಡಬೇಕು. ಪೊಂತೆ ವೆಕ್ಕಿಯೊ ಮೇಲೆ ಮೊದಲು ಕಟುಕರ ಅಂಗಡಿ ಇದ್ದವು, 1593ರಲ್ಲಿ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ತಂದರು ಅನ್ನುವುದು ಗೊತ್ತಿಲ್ಲದಿದ್ದರೆ ಅದು ಬರೀ ಒಡವೆ ಅಂಗಡಿ ಸಾಲು. ಕಿರಿದಾದ ಗಲ್ಲಿಗಳಲ್ಲಿ ಫೋನಿನ ಮ್ಯಾಪ್ ತಡವರಿಸುತ್ತೆ, ಹೋಟೆಲಿನಲ್ಲಿ ಕೊಡುವ ಕಾಗದದ ಮ್ಯಾಪ್ ಇಟ್ಟುಕೊಳ್ಳಿ. ಚರ್ಚಿನ ಒಳಗೆ ಭುಜ, ಮಂಡಿ ಮುಚ್ಚಿರಬೇಕು. ಸೋಮವಾರ ಉಫಿಜಿ ಚಿತ್ರಕಲೆ ಮ್ಯೂಸಿಯಂ ಮುಚ್ಚಿರುತ್ತೆ, ಡೇವಿಡ್ ಮೂರ್ತಿ ಇರುವ ಅಕಾಡೆಮಿಯಾ ಮ್ಯೂಸಿಯಂ ಕೂಡ.

ಖರ್ಚಿನ ಮಾತು. ಕಾಫಿ ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ, ಟೇಬಲ್ಲಿಗೆ ತರಿಸಿಕೊಂಡರೆ ಬೆಲೆ ಏರುತ್ತೆ. ಸಸ್ಯಾಹಾರಿಗಳು ರಿಬೊಲ್ಲಿತಾ ಕೇಳಿ: ಬ್ರೆಡ್ಡು, ಬೀನ್ಸ್ ಕಾಳು, ಕಪ್ಪು ಎಲೆಕೋಸು ಹಾಕಿ ಕುದಿಸಿದ ಗಟ್ಟಿ ಸೂಪ್. ಮಾಂಸದ ನೀರು ಹಾಕಿಲ್ಲ ತಾನೇ ಅಂತ ಒಂದು ಮಾತು ಕೇಳಿಕೊಳ್ಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅಮ್ಮನಿಗೆ ಹಿಡಿಸಲಿಲ್ಲ.

ಲಿವೊರ್ನೊ ಬಂದರಿಗೆ ಹಡಗಲ್ಲಿ ಬಂದು ಅರ್ಧ ದಿನ ಮಾತ್ರ ಕೈಯಲ್ಲಿ ಇರುವವರು ಗುಂಪಿನ ಟೂರು ತೆಗೆದುಕೊಳ್ಳಲಿ, ಅವರಿಗೆ ಅದೇ ಸರಿ. ಅದರಲ್ಲೂ ಚಿಕ್ಕ ಗುಂಪು ಹುಡುಕಿ, ಸ್ವಂತ ಇಯರ್‌ಫೋನ್ ಸಿಕ್ಕಿಸಬಹುದಾ ಅಂತ ಮುಂಚೆ ಕೇಳಿ. ಎರಡು ರಾತ್ರಿ ಉಳಿಯುವವರು ಆ ದುಡ್ಡನ್ನು ಬಾರ್ಜೆಲ್ಲೊ ಮ್ಯೂಸಿಯಂ ಟಿಕೆಟ್ಟಿಗೆ ಇಡಿ. ಓರ್ಸಾನ್‌ಮಿಕೇಲೆ ಗೂಡಿಗೆ ಅಂತ ದೊನಾತೆಲ್ಲೊ ಕೆತ್ತಿದ ಸೇಂಟ್ ಜಾರ್ಜ್ ಮೂರ್ತಿಯ ಮೂಲ ಅಲ್ಲಿದೆ, ಉಫಿಜಿಯಷ್ಟು ನೂಕುನುಗ್ಗಲೂ ಇರುವುದಿಲ್ಲ.