ಯಾವ ಭೈರವಿ? ಕಲಿತು ನೋಡಿದ ಮೇಲೆ ನನ್ನ ಆಯ್ಕೆ

ಕಛೇರಿಗಳಲ್ಲಿ ಕೇಳಿ ಕೇಳಿ ಭೈರವಿ ರಾಗ ಕಲಿಯಲೇಬೇಕು ಅನ್ನಿಸಿ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ. ‘ಭೈರವಿ’ ಅಂತಷ್ಟೇ ಹಾಕಿದ್ದರು, ಯಾವ ಪದ್ಧತಿ ಅಂತ ಎಲ್ಲೂ ಇರಲಿಲ್ಲ. ಬಂದದ್ದು ಹಿಂದೂಸ್ತಾನಿ ಭೈರವಿ. ದುಡ್ಡು ವಾಪಸ್ ಇಲ್ಲ ಅಂದರು. ಸರಿ, ಅದನ್ನೂ ಕಲಿತೆ. ಆಮೇಲೆ ಜಯನಗರದ ಟೀಚರ್ ಒಬ್ಬರ ಹತ್ತಿರ ಕರ್ನಾಟಕ ಭೈರವಿ, ಜೊತೆಗೆ ಒಂದಿಷ್ಟು ಸಿಂಧುಭೈರವಿ ಅನ್ನೋ ಇನ್ನೊಂದು ರಾಗ. ನನ್ನ ಮನಸ್ಸಿರೋದು ಕರ್ನಾಟಕ ಭೈರವಿಯಲ್ಲೇ.

ಹೆಸರು ಒಂದೇ, ರಾಗ ಬೇರೆ ಅನ್ನೋದು ರಿಷಭಕ್ಕೆ, ಅಂದರೆ ‘ರಿ’ ಸ್ವರಕ್ಕೆ, ಬರುತ್ತಿದ್ದ ಹಾಗೇ ಗೊತ್ತಾಗುತ್ತೆ. ಹಿಂದೂಸ್ತಾನಿಯಲ್ಲಿ ರಿ, ಗ, ದ, ನಿ ನಾಲ್ಕೂ ಕೋಮಲ, ಅಂದರೆ ತಗ್ಗಿನವು. ನಮ್ಮ ಕರ್ನಾಟಕ ಪದ್ಧತಿಯ ಲೆಕ್ಕದಲ್ಲಿ ಅವು ಹನುಮತೋಡಿ ರಾಗದ ಸ್ವರಗಳು. ಕರ್ನಾಟಕ ಭೈರವಿ 20ನೇ ಮೇಳ (ಮೂಲ ರಾಗ) ನಠಭೈರವಿಯಿಂದ ಹುಟ್ಟಿದ್ದು, ಅದರ ರಿಷಭ ಚತುಶ್ರುತಿ, ಅಂದರೆ ಕೋಮಲಕ್ಕಿಂತ ಒಂದು ಮೆಟ್ಟಿಲು ಮೇಲೆ.

ರಿಷಭ ಬೇಗ ಸರಿಹೋಯಿತು. ಬಹಳ ಸತಾಯಿಸಿದ್ದು ಧೈವತ, ಅಂದರೆ ‘ದ’. ಕರ್ನಾಟಕ ಭೈರವಿಗೆ ಧೈವತ ಎರಡು: ಹತ್ತುವಾಗ ಚತುಶ್ರುತಿ, ಇಳಿಯುವಾಗ ಶುದ್ಧ (ಹಿಂದೂಸ್ತಾನಿಯವರ ಕೋಮಲ). ಕೀಬೋರ್ಡಿನಲ್ಲಿ ‘ಸಿ’ಯನ್ನು ಷಡ್ಜ (‘ಸ’) ಮಾಡಿಕೊಂಡರೆ ಹೋಗುವಾಗ ಬಿಳಿ ಕೀ, ಬರುವಾಗ ಅದರ ಎಡಕ್ಕಿರುವ ಕರಿ ಕೀ. ಕೇಳೋಕೆ ಸುಲಭ. ಆದರೆ ‘ಪ ದ ನಿ ಸ’ ಅಂತ ಮೇಲಿನ ಷಡ್ಜ ಮುಟ್ಟುವಾಗ ಒಂದು ಧೈವತ, ‘ಪ ದ ನಿ ದ ಪ’ ಅಂತ ನಿಷಾದದಲ್ಲೇ ಹಿಂದಿರುಗಿದರೆ ಇನ್ನೊಂದು. ಅಂದರೆ ಎಲ್ಲಿ ತಿರುಗಬೇಕು ಅಂತ ಧೈವತಕ್ಕೆ ಬರುವ ಮೊದಲೇ ಗಂಟಲಿಗೆ ಗೊತ್ತಿರಬೇಕು.

ಕೋರ್ಸಿನಿಂದ ಕೋಮಲ ಧೈವತ ಗಂಟಲಲ್ಲಿ ಕೂತುಬಿಟ್ಟಿತ್ತು. ಷಡ್ಜಕ್ಕೆ ಹೊರಟಾಗಲೂ ಅದೇ ಬರೋದು. ಟೀಚರ್ ತಾಳ ನಿಲ್ಲಿಸಿ, “ಧೈವತದ ಯೋಚನೆ ಬಿಡಮ್ಮ, ಎಲ್ಲಿಗೆ ಹೊರಟಿದ್ದೀಯ ನೋಡ್ಕೋ” ಅಂದರು. ಆಮೇಲೆ ಇದೇ ಭೈರವಿಯಲ್ಲಿರುವ ಶ್ಯಾಮಾಶಾಸ್ತ್ರಿಗಳ ‘ಕಾಮಾಕ್ಷಿ’ ಸ್ವರಜತಿ (ಸ್ವರ, ಸಾಹಿತ್ಯ ಎರಡನ್ನೂ ಹಾಡುವ ರಚನೆ) ಶುರು ಮಾಡಿಸಿದರು. ಏಳು ಎಣಿಕೆಯ ಮಿಶ್ರಛಾಪು ತಾಳ, ಎಂಟು ಚರಣ. ಮೊದಲನೆಯದು ಷಡ್ಜದಿಂದ, ಮುಂದಿನದು ರಿಷಭದಿಂದ, ಹೀಗೇ ಒಂದೊಂದೇ ಸ್ವರ ಏರುತ್ತಾ ಮೇಲಿನ ಷಡ್ಜದವರೆಗೆ. ಆರನೇ ಚರಣ ಧೈವತದಿಂದಲೇ ಶುರು. ಆ ಚರಣ ಬಾಯಿಗೆ ಬಂದ ಮೇಲೆ ಈ ತಾಪತ್ರಯ ತಪ್ಪಿತು. ರಾಗ ಕಲಿಸೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ಹಿಂದೂಸ್ತಾನಿ ಭೈರವಿಯ ಸೊಗಸೇ ಬೇರೆ. ಠುಮ್ರಿ ಅನ್ನೋ ಲಘು ಹಾಡಿನ ಪ್ರಕಾರದಲ್ಲಿ ಹನ್ನೆರಡೂ ಸ್ವರ ಸುಳಿದು ಹೋಗಬಹುದು. ಆ ಸ್ವಾತಂತ್ರ್ಯ ಕೇಳೋಕೆ ಹಿತ. ಹಾಡೋಕೆ ನನಗೆ ತಬಲಾ ಬೇಕೆನಿಸುತ್ತೆ, ಅದಕ್ಕೆ ಜನ ಎಲ್ಲಿಂದ ತರಲಿ?

ಸಿಂಧುಭೈರವಿ ಹಿಂದೂಸ್ತಾನಿ ಭೈರವಿಗೇ ಹತ್ತಿರ. ಪುರಂದರದಾಸರ ‘ತಂಬೂರಿ ಮೀಟಿದವ’ ಬೇಗ ಬಂತು. ಮನೆ ಭಜನೆಗೆ ಅದೇ ಸರಿ.

ದಿನಾ ಸಿಗೋದು ಆಫೀಸಿಗೆ ಹೊರಡೋ ಮುಂಚಿನ ಅರ್ಧ ಗಂಟೆ. ಫೋನಿನಲ್ಲಿ ತಂಬೂರಿ ಹಾಕಿಕೊಂಡು, ತೊಡೆ ಮೇಲೆ ತಾಳ ಹಾಕಿದರೆ ಸ್ವರಜತಿಗೆ ಬೇರೇನೂ ಬೇಡ. ಖರ್ಚು ತಿಂಗಳ ಫೀಸು ಮಾತ್ರ. ಗಾಯನ ಸಮಾಜದಲ್ಲೋ, ಚಾಮರಾಜಪೇಟೆಯ ರಾಮನವಮಿ ಕಛೇರಿಯಲ್ಲೋ ಭೈರವಿ ಆಲಾಪನೆ ಎತ್ತಿಕೊಂಡರೆ ಈಗ ಆ ಎರಡು ಧೈವತಗಳೇ ಮೊದಲು ಕಿವಿಗೆ ಬೀಳುತ್ತವೆ. ನನಗೆ ಬೇಕಿದ್ದ ಭೈರವಿ ಇದೇ.

ನೀವು ಎಲ್ಲಾದರೂ ದುಡ್ಡು ಕಟ್ಟೋದಾದರೆ, ಕಟ್ಟೋ ಮೊದಲು ‘ಸ ರಿ’ ಹಾಡಿಸಿ ಕೇಳಿ.