ಹಂಚಿಗೆ ಹೋಗಿ, ಮರಕ್ಕೆ ಬೇಡ: ಕಟಪಾಡಿ ಕಡೆಯ ಒಂದು ಹಳೆ ಸಾಮಾನಿನ ಅಂಗಡಿ

ಉಡುಪಿ ಹತ್ತಿರದ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ, ಕೆಡವಿದ ಮನೆಗಳ ಸಾಮಾನು ಮಾರುವ ಒಂದು ಜಾಗ ಇದೆ. ಅಂಗಡಿ ಅಂದರೆ ಒಂದು ದೊಡ್ಡ ಅಂಗಳ, ಮೂಲೆಯಲ್ಲಿ ಒಂದು ಶೆಡ್ಡು, ಅಷ್ಟೇ. ಬೋರ್ಡಿಲ್ಲ. ಸಣ್ಣ ಹಂಚಿನ ಮನೆ ಇಟ್ಟುಕೊಂಡು, ಅದನ್ನು ತಾವೇ ರಿಪೇರಿ ಮಾಡುವ ಯೋಚನೆಯಲ್ಲಿ ಇರುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು 300 ಚದರ ಅಡಿಯ ಮನೆ. ಒಂದು ಕೋಣೆ, ಅಡುಗೆಕೋಣೆ, ಎದುರಿಗೆ ಹೆಸರಿಗೊಂದು ಚಾವಡಿ. ಮುರಕಲ್ಲಿನ ಗೋಡೆ ಗಟ್ಟಿ ಇತ್ತು, ಮಾಡು (ಚಾವಣಿ) ಮಾತ್ರ ಹಾಳಾಗಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಯಾವ ಮೇಸ್ತ್ರಿಯೂ ಬರುವುದಿಲ್ಲ, ಎಲ್ಲರೂ "ನೋಡುವ" ಅನ್ನುತ್ತಾರೆ, ಆ ನೋಡುವಕ್ಕೆ ಕೊನೆ ಇಲ್ಲ. ಹಾಗಾಗಿ ನಾನು, ಹೆಂಡತಿ, ತಮ್ಮ ಸೇರಿ ನಾವೇ ಶುರು ಮಾಡಿದೆವು. ಶೀಟ್ ಹಾಕಿ ಮುಗಿಸಿ ಅಂತ ಹೇಳಿದವರು ತುಂಬಾ ಜನ. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಶೀಟಿನ ಕೆಳಗೆ ಕೂತು ಫೋನಲ್ಲಿ ಮಾತಾಡಿ ನೋಡಿ, ಆಮೇಲೆ ಸಲಹೆ ಕೊಡಿ. ಏಪ್ರಿಲಿನ ಸೆಕೆಯ ವಿಷಯ ಬೇರೆಯೇ.

ಈ ಅಂಗಡಿಯ ದೊಡ್ಡ ಗುಣ ಒಂದೇ: ಒಂದೊಂದು ಮನೆಯ ಹಂಚನ್ನು ಬೇರೆ ಬೇರೆ ಇಟ್ಟಿದ್ದಾರೆ. ಕೇಳಲಿಕ್ಕೆ ಸಣ್ಣ ವಿಷಯ ಅಲ್ವಾ? ಅಲ್ಲ. ಮಂಗಳೂರು ಹಂಚು ನೋಡಲಿಕ್ಕೆ ಎಲ್ಲಾ ಒಂದೇ ಥರ ಇದ್ದರೂ ಒಂದೊಂದು ಕಾರ್ಖಾನೆಯ ಅಚ್ಚು ಬೇರೆ. ಉದ್ದದಲ್ಲಿ ಸ್ವಲ್ಪ ಹೆಚ್ಚುಕಮ್ಮಿ, ಗೀರು ಸ್ವಲ್ಪ ಆಚೆ ಈಚೆ. ಎರಡು ಕಂಪೆನಿಯ ಹಂಚು ಬೆರೆಸಿದರೆ ಒಂದರ ಅಂಚು ಇನ್ನೊಂದರ ಗೀರಿಗೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲಿ ಗಾಳಿಮಳೆಗೆ ನೀರು ಒಳಗೆ ಬಂದೇ ಬರುತ್ತದೆ. ಬೇರೆ ಕಡೆ ನಾನು ನೋಡಿದ ಗುಜರಿಗಳಲ್ಲಿ ಎಲ್ಲವನ್ನೂ ಒಂದೇ ರಾಶಿ ಹಾಕಿರುತ್ತಾರೆ. ಇಲ್ಲಿ ಒಂದೊಂದು ಮನೆಯದ್ದು ಒಂದೊಂದು ಸಾಲು, ಹಂಚನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲೆ ಚಾಕ್‌ಪೀಸಿನಲ್ಲಿ ಊರ ಹೆಸರು ಬರೆದಿರುತ್ತಾರೆ. ಮಲಗಿಸಿ ಪೇರಿಸಿದರೆ ಅಡಿಯ ಹಂಚು ಬಿರುಕು ಬಿಡುತ್ತದೆ, ಅದು ಇವರಿಗೆ ಗೊತ್ತಿದೆ.

ಹೋಗುವಾಗ ನಿಮ್ಮ ಮನೆಯ ಒಂದು ಹಂಚು ಜೊತೆಗೆ ಒಯ್ಯಿರಿ. ಹಳೆ ರೀಪನ್ನೇ (ಹಂಚು ಸಿಕ್ಕಿಸುವ ಮರದ ಅಡ್ಡಪಟ್ಟಿ) ಉಳಿಸಿಕೊಳ್ಳುವುದಾದರೆ ಇದು ಬೇಕೇ ಬೇಕು. ರೀಪಿನ ನಡುವಿನ ಅಂತರ ಹಂಚಿನ ಉದ್ದದ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು, ಆದರೆ ಆ ಆಸುಪಾಸಿನಲ್ಲೇ ಎಲ್ಲಾ ತೊಂದರೆ ಇರುವುದು. ನಮ್ಮ ಹಂಚಿಗೆ ಸರಿಹೊಂದುವ ಸಾಲು ಅಲ್ಲಿ ಸಿಕ್ಕಿತು, ಹಾಗಾಗಿ ರೀಪಿನ ಅಂತರ ಬದಲಿಸುವ ಕೆಲಸ ತಪ್ಪಿತು.

ಆರಿಸುವುದು ನಿಮ್ಮದೇ ಕೆಲಸ. ಯಜಮಾನರು ಮೊದಲೇ ಹೇಳಿಬಿಡುತ್ತಾರೆ: "ನೀವೇ ಬಡಿದು ನೋಡಿ ತೆಗೀರಿ ಮಾರಾಯ್ರೆ, ಮನೆಗೆ ಹೋದ ಮೇಲೆ ನನ್ನ ಹತ್ರ ಹೇಳ್ಬೇಡಿ." ಗೆಣ್ಣಿನಲ್ಲಿ ಬಡಿದರೆ ಒಳ್ಳೆ ಹಂಚು ಠಣ್ ಅನ್ನುತ್ತದೆ, ಬಿರುಕು ಇದ್ದದ್ದು ಡಬ್ ಅನ್ನುತ್ತದೆ. ಹಿಂದೆ ರೀಪಿಗೆ ಸಿಕ್ಕಿಕೊಳ್ಳುವ ಹಲ್ಲು ಮುರಿದಿದೆಯಾ ಅಂತಲೂ ನೋಡಿ. ಪಾಚಿ ಇದ್ದರೆ ಹೆದರಬೇಡಿ, ಅದು ತಂತಿ ಬ್ರಷ್ಷಿನಲ್ಲಿ ಹೋಗುತ್ತದೆ.

ಲೆಕ್ಕ: 100 ಚದರ ಅಡಿ ಮಾಡಿಗೆ ಸುಮಾರು 140ರಿಂದ 150 ಹಂಚು. ನೆಲದ ಅಳತೆ ಹಿಡಿಯಬೇಡಿ. ಇಳಿಜಾರು ಮತ್ತು ಗೋಡೆಯಿಂದ ಹೊರಗೆ ಚಾಚುವ ಭಾಗ ಸೇರಿದರೆ ನಮ್ಮ 300 ಚದರ ಅಡಿ ಮನೆಗೆ ಮಾಡು 500 ದಾಟಿತು. ಹಾಗಾಗಿ 800 ಹಂಚು ತಂದೆವು. ಒಂದು ಹಂಚು ಎರಡು, ಎರಡೂವರೆ ಕೆಜಿ, ಅಂದರೆ ಒಟ್ಟು ಎರಡು ಟನ್ನಿನ ಹತ್ತಿರ. ಟಾಟಾ ಏಸಿನಲ್ಲಿ ಒಂದೇ ಸಲಕ್ಕೆ ತರುತ್ತೇನೆ ಅಂತ ಡ್ರೈವರ್ ಹೇಳಿದರೆ ಒಪ್ಪಬೇಡಿ. ಸಾಗಿಸುವಾಗ ಒಡೆದದ್ದಕ್ಕೆ ಅಂಗಡಿಯವರು ಜವಾಬ್ದಾರರಲ್ಲ, ಕೇಳಿದರೆ ನಗುತ್ತಾರೆ. ತುದಿಗೆ ಕೂರಿಸುವ ಮೂಲೆ ಹಂಚಿಗೆ ಬೇರೆ ದುಡ್ಡು, ಅದೂ ಜಾಸ್ತಿಯೇ. ಬಿಲ್ ಕೊಡುವುದಿಲ್ಲ, ಇದು ನನಗೆ ಸರಿ ಕಾಣಲಿಲ್ಲ. ಆದರೂ ಒಟ್ಟು ಖರ್ಚು ಹೊಸ ಹಂಚಿನ ಅರ್ಧಕ್ಕಿಂತ ಕಮ್ಮಿ ಬಿತ್ತು.

ಒಂದು ಎಚ್ಚರಿಕೆ. ಅಲ್ಲಿ ಬಾಸೆಲ್ ಮಿಷನ್ (ಹಿಂದೆ ಹಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಮಿಷನರಿ ಸಂಸ್ಥೆ) ಮುದ್ರೆ ಇರುವ ಹಂಚು ಸ್ವಲ್ಪ ಇದೆ, ಅದರ ಮೇಲೆ 1865 ಅಂತ ಇರುತ್ತದೆ. ಕೆಲಸದ ಹುಡುಗರು "ನೂರೈವತ್ತು ವರ್ಷ ಹಳೇದು ಸಾರ್" ಅಂತ ಹೇಳಿ ರೇಟು ಏರಿಸುತ್ತಾರೆ. 1865 ಮಂಗಳೂರಿನ ಜೆಪ್ಪಿನಲ್ಲಿ ಮಿಷನ್ನಿನವರು ಕಾರ್ಖಾನೆ ಶುರು ಮಾಡಿದ ವರ್ಷ. ಹಂಚು ಸುಟ್ಟ ವರ್ಷ ಅಲ್ಲ, ಎಷ್ಟೋ ದಶಕ ಕಳೆದು ಮಾಡಿದ್ದಕ್ಕೂ ಅದೇ ಅಚ್ಚು. ಗೋಡೆಗೆ ನೇತುಹಾಕಲಿಕ್ಕೆ ಬೇಕಿದ್ದರೆ ಕೊಳ್ಳಿ, ಮಾಡಿಗೆ ಹಾಕಲಿಕ್ಕೆ ಸುಮ್ನೆ ಜಾಸ್ತಿ ಯಾಕೆ ಕೊಡಬೇಕು?

ಇನ್ನು ಮರ. ಬಾಗಿಲು, ದಾರಂದ, ಕಂಬ, ಪಕ್ಕಾಸು (ರೀಪಿನ ಕೆಳಗೆ ಇಳಿಜಾರಾಗಿ ಕೂರುವ ಮರದ ತೊಲೆ) ಎಲ್ಲಾ ಇದೆ, ಹಲಸು, ಬೋಗಿ, ಸಾಗುವಾನಿ. ನೋಡಿದರೆ ಆಸೆ ಆಗುತ್ತದೆ. ಬೆಲೆ ಕೇಳಿದರೆ ಆಸೆ ಹೋಗುತ್ತದೆ. ಹೋಂಸ್ಟೇ ಮಾಡುವವರು ಬಂದು ಹೇಳಿದ ರೇಟಿಗೆ ಒಯ್ಯುತ್ತಾರಂತೆ, ಹಾಗಾಗಿ ನಮ್ಮಂಥವರ ಚೌಕಾಸಿಗೆ ಅಲ್ಲಿ ಜಾಗವಿಲ್ಲ. ಪಕ್ಕಾಸುಗಳನ್ನು ಮಳೆ ಬೀಳುವ ಕಡೆಯೇ ಬಿಟ್ಟಿದ್ದಾರೆ. ಮೇಲಿಂದ ಚೆಂದ, ತುದಿಯಲ್ಲಿ ಹುಡಿ ಉದುರುತ್ತದೆ. ತಮ್ಮ ಚಾಕು ಚುಚ್ಚಿ ನೋಡಿದ, ಅರ್ಧ ಒಳಗೆ ಹೋಯಿತು. ಪಕ್ಕಾಸು ನಾವು ಮರದ ಮಿಲ್ಲಿನಿಂದ ಹೊಸದೇ ತಂದೆವು. ಹಂಚಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಮರಕ್ಕೆ ಎರಡು ಕೊಟ್ಟರೆ ಜಾಸ್ತಿಯಾಯಿತು. ಗಾಜಿನ ಹಂಚು ಕೂಡ ಇತ್ತು, ಕತ್ತಲೆ ಅಡುಗೆಕೋಣೆಗೆ ಎರಡು ಹಾಕಿದರೆ ಹಗಲು ಲೈಟ್ ಬೇಡ, ಆದರೆ ನಮ್ಮ ಸಾಲಿಗೆ ಹೊಂದುವುದು ಸಿಗಲಿಲ್ಲ.

ಹಂಚು ಹೊದಿಸುವಾಗ ಯಜಮಾನರು ಹೇಳಿದ ಒಂದು ಮಾತು ತುಂಬಾ ಉಪಕಾರಕ್ಕೆ ಬಂತು, ಇದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಎಲ್ಲಕ್ಕಿಂತ ಕೆಳಗಿನ ರೀಪು ಉಳಿದದ್ದಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಇಲ್ಲದಿದ್ದರೆ ಮೊದಲ ಸಾಲು ತಲೆ ತಗ್ಗಿಸುತ್ತದೆ, ಮೇಲಿನ ಸಾಲು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಮಾಡಿನ ಮೇಲೆ ನಡೆಯುವಾಗ ಕೆಳಗೆ ರೀಪು ಇರುವಲ್ಲೇ ಕಾಲಿಡಿ, ಒದ್ದೆ ಇದ್ದರೆ ಹತ್ತಲೇಬೇಡಿ.

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಹತ್ತಿರ ಬಂದಾಗ ಅಲ್ಲಿ ಹೋಗಿ ಪ್ರಯೋಜನವಿಲ್ಲ. ಮಳೆಗೆ ಮೊದಲು ಮಾಡು ಮುಚ್ಚಬೇಕೆಂದು ಎಲ್ಲರೂ ಓಡಿಬರುತ್ತಾರೆ, ಒಳ್ಳೆ ಸಾಲು ಖಾಲಿ, ಬೆಲೆಯೂ ಬಿಗಿ. ಫೆಬ್ರವರಿ, ಮಾರ್ಚ್ ಒಳ್ಳೆಯದು, ಆಗ ಮನೆ ಕೆಡವುವ ಕೆಲಸ ಜೋರಿರುತ್ತದೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಕೈಗವಸು, ಬೈರಾಸು (ಟವೆಲು), ಕುಡಿಯುವ ನೀರು ನೀವೇ ತೆಗೆದುಕೊಂಡು ಹೋಗಿ, ಅಂಗಳದಲ್ಲಿ ನೆರಳೇ ಇಲ್ಲ.