ಡಿ-76, ರೋಡಿನಲ್, ಎಚ್‌ಸಿ-110: ನೀರು ಬೆರೆಸಿ ನೋಡಿದ ಹೋಲಿಕೆ

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯುವವರಲ್ಲಿ ಹಲವರು ಡೆವಲಪರಿಗೆ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣಕ್ಕೆ) ನೀರು ಬೆರೆಸುವುದನ್ನು ಉಳಿತಾಯದ ಉಪಾಯವೆಂದಷ್ಟೇ ಎಣಿಸುತ್ತಾರೆ. ಆದರೆ ನೀರಿನ ಪ್ರಮಾಣದೊಂದಿಗೆ ಗ್ರೇನ್‌ನ (ಚಿತ್ರದಲ್ಲಿ ಕಾಣುವ ಬೆಳ್ಳಿಯ ಕಣಗಳ) ರೂಪವೂ ಅಂಚುಗಳ ಮೊನಚೂ ಬದಲಾಗುತ್ತವೆ. ಎಚ್‌ಪಿ5 ಪ್ಲಸ್ ಫಿಲ್ಮಿನಲ್ಲಿ ಒಂದೇ ದೃಶ್ಯವನ್ನು ಸಾಲಾಗಿ ತೆಗೆದು, ರೋಲನ್ನು ಕತ್ತಲಲ್ಲಿ ತುಂಡರಿಸಿ, ಡಿ-76, ರೋಡಿನಲ್, ಎಚ್‌ಸಿ-110 ಎಂಬ ಮೂರು ಡೆವಲಪರುಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೊಳೆದು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು.

ನನ್ನ ಮೊದಲ ಆಯ್ಕೆ, 1920ರ ದಶಕದಿಂದ ಬಳಕೆಯಲ್ಲಿರುವ ಡಿ-76. ಇದರ ಸೂತ್ರ ಬಹಿರಂಗವಾಗಿರುವುದರಿಂದ ತೂಕದ ಯಂತ್ರವೊಂದಿದ್ದರೆ ಮನೆಯಲ್ಲೇ ತಯಾರಿಸಬಹುದು: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಸುಮಾರು 50 ಡಿಗ್ರಿಯ 750 ಮಿಲಿಲೀಟರ್ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್ ಹಾಕಬೇಕು. ಅದು ಮೆಟಾಲ್ ಗಾಳಿಗೆ ಕೆಡದಂತೆ ಕಾಯುತ್ತದೆ. ಮೆಟಾಲ್ ಪೂರ್ತಿ ಕರಗಿದ ಮೇಲೆಯೇ ಉಳಿದ ಸಲ್ಫೈಟ್, ನಂತರ ಹೈಡ್ರೋಕ್ವಿನೋನ್, ಕೊನೆಗೆ ಬೋರಾಕ್ಸ್ ಹಾಕಿ, ತಣ್ಣೀರಿನಿಂದ ಒಂದು ಲೀಟರಿಗೆ ತುಂಬಿಸಬೇಕು. ಸಲ್ಫೈಟನ್ನು ಮೊದಲೇ ಪೂರ್ತಿ ಸುರಿದರೆ ಮೆಟಾಲ್ ಸರಿಯಾಗಿ ಕರಗದೆ ನೀರಿನಲ್ಲಿ ಬಿಳಿ ಚೂರುಗಳಾಗಿ ತೇಲುತ್ತದೆ, ಎಷ್ಟು ಕಲಕಿದರೂ ಬೇಗ ಹೋಗುವುದಿಲ್ಲ.

ಈ ಮೂಲದ್ರಾವಣವನ್ನು ನೀರಿಲ್ಲದೆ ಬಳಸಿದಾಗ ಸಲ್ಫೈಟ್ ಬೆಳ್ಳಿಯ ಕಣಗಳ ಅಂಚನ್ನು ತುಸು ಕರಗಿಸುವುದರಿಂದ ಗ್ರೇನ್ ನಯವಾಗುತ್ತದೆ, ಜೊತೆಗೆ ಚಿತ್ರದ ಮೊನಚೂ ಸ್ವಲ್ಪ ಕುಂದುತ್ತದೆ. 1+1ರಲ್ಲಿ, ಅಂದರೆ ಒಂದು ಪಾಲು ಮೂಲದ್ರಾವಣಕ್ಕೆ ಒಂದು ಪಾಲು ನೀರು ಬೆರೆಸಿದಾಗ, ಸಲ್ಫೈಟ್ ಲೀಟರಿಗೆ 50 ಗ್ರಾಂಗೆ ಇಳಿದು, ಗ್ರೇನ್ ಹೆಚ್ಚು ಎದ್ದು ಕಾಣದೆಯೇ ಕೂದಲು, ಎಲೆಯ ನರಗಳಂಥ ವಿವರಗಳು ಬಿಡಿಬಿಡಿಯಾಗಿ ಮೂಡುತ್ತವೆ. ತೊಳೆಯುವ ಕಾಲ ಏಳೂವರೆ ನಿಮಿಷದಿಂದ 13ಕ್ಕೆ ಏರುತ್ತದೆ. ನನ್ನ ದೃಷ್ಟಿಯಲ್ಲಿ ಇದೂ ಲಾಭವೇ, ಏಕೆಂದರೆ ಸುರಿಯುವಾಗ ಆಗುವ ಹತ್ತು ಸೆಕೆಂಡಿನ ಹೆಚ್ಚುಕಡಿಮೆ ಅಷ್ಟು ದೀರ್ಘ ಅವಧಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 1+3ರಲ್ಲಿ ಮೊನಚು ಇನ್ನೂ ಹೆಚ್ಚು, ಆದರೆ 300 ಮಿಲಿಲೀಟರಿನ ತೊಟ್ಟಿಯಲ್ಲಿ ಮೂಲದ್ರಾವಣ ಕೇವಲ 75 ಮಿಲಿಲೀಟರ್ ಆಗುವುದರಿಂದ 36 ಚಿತ್ರಗಳ ರೋಲಿಗೆ ಅದು ಸಾಲದು. ಒಂದೇ ರೋಲನ್ನು ದೊಡ್ಡ ತೊಟ್ಟಿಯಲ್ಲಿ ತೊಳೆಯಬೇಕಾಗುತ್ತದೆ. ನೀರು ಬೆರೆಸಿದ್ದನ್ನು ಒಮ್ಮೆ ಬಳಸಿ ಚೆಲ್ಲಬೇಕು, ಎತ್ತಿಡಬಾರದು.

1891ರಷ್ಟು ಹಳೆಯದಾದ ರೋಡಿನಲ್‌ನ ದೊಡ್ಡ ಗುಣ ಬಾಳಿಕೆ. ಸೀಸೆಯೊಳಗೆ ಕಡು ಕಂದು ಬಣ್ಣಕ್ಕೆ ತಿರುಗಿದರೂ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಅಪರೂಪಕ್ಕೆ ಫಿಲ್ಮ್ ತೊಳೆಯುವವರಿಗೆ ಇದಕ್ಕಿಂತ ನಂಬಿಕಸ್ಥ ಡೆವಲಪರನ್ನು ನಾನು ಕಾಣೆ. 1+25ರಲ್ಲಿ 6 ನಿಮಿಷ, 1+50ರಲ್ಲಿ 11 ನಿಮಿಷ. ಎರಡರಲ್ಲೂ ಗ್ರೇನ್ ಮರಳಿನಂತೆ ಸ್ಪಷ್ಟವಾಗಿ ಕಾಣುತ್ತದೆ. ಎಚ್‌ಪಿ5ರಂಥ ವೇಗದ (ಕಡಿಮೆ ಬೆಳಕೂ ಸಾಕಾಗುವ) ಫಿಲ್ಮಿನಲ್ಲಿ ಆಕಾಶ ಮತ್ತು ಮುಖದ ಚರ್ಮ ನನಗೆ ಒರಟೆನಿಸಿದವು, ನಿಧಾನದ ಫಿಲ್ಮುಗಳಿಗೆ ಮಾತ್ರ ಇದನ್ನು ಮನಸಾರೆ ಸೂಚಿಸುತ್ತೇನೆ. 1+100ರಲ್ಲಿ ಗಂಟೆಗಟ್ಟಲೆ ಅಲುಗಿಸದೆ ಬಿಡುವ ಪದ್ಧತಿಯನ್ನು ಬಹಳ ಮಂದಿ ಮೆಚ್ಚುತ್ತಾರೆ. ಆದರೆ ಫಿಲ್ಮಿನ ಅಂಚಿನ ತೂತುಗಳ ಬಳಿ ಬ್ರೋಮೈಡ್ ಗೆರೆಗಳು (ತೊಳೆಯುವಾಗ ಫಿಲ್ಮಿನಿಂದ ಹೊರಬರುವ ಬ್ರೋಮೈಡ್ ಲವಣದಿಂದಾಗುವ ಪಟ್ಟೆಗಳು) ಇಳಿಯುವ ಅಪಾಯವಿರುವಾಗ, ಮತ್ತೆ ತೆಗೆಯಲಾಗದ ಚಿತ್ರಗಳನ್ನು ಅದಕ್ಕೆ ಒಪ್ಪಿಸಬಾರದು. ಇದು ಪ್ರಬಲ ಕ್ಷಾರವಾದ್ದರಿಂದ ಅಳೆಯುವಾಗ ಕೈಗವಸು ಕಡ್ಡಾಯ.

ಎಚ್‌ಸಿ-110 ಈ ಎರಡರ ನಡುವಿನದು: ಗ್ರೇನ್ ಡಿ-76ಕ್ಕೆ ಹತ್ತಿರ, ಬಳಕೆ ರೋಡಿನಲ್‌ನಷ್ಟೇ ಸುಲಭ. ಇದರ 1+31 ಎಂಬ ಅಳತೆಯಲ್ಲಿ ಒಟ್ಟು 32 ಪಾಲುಗಳಿರುವುದರಿಂದ 320 ಮಿಲಿಲೀಟರಿಗೆ 10 ಮಿಲಿಲೀಟರ್ ಸಾಕು. ಹಳೆಯ ಸೂತ್ರದ ದ್ರವ ಪಾಕದಷ್ಟು ಗಟ್ಟಿಯಾಗಿದ್ದು ಸಿರಿಂಜಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದೇ ತೊಟ್ಟಿಯ ನೀರನ್ನು ಸಿರಿಂಜಿಗೆ ಎಳೆದು ಮತ್ತೆ ಮತ್ತೆ ಬಿಡದಿದ್ದರೆ ಅಳತೆ ತಪ್ಪಿ ನೆಗೆಟಿವ್ ತೆಳುವಾಗುತ್ತದೆ. ಆ ಅಳತೆಗೆ ಎಚ್‌ಪಿ5ರ ಕಾಲ ಕೇವಲ 5 ನಿಮಿಷ. ಅಷ್ಟು ಅವಸರದಲ್ಲಿ ಡೆವಲಪರ್ ಎಲ್ಲೆಡೆ ಸಮನಾಗಿ ಹರಡುವುದೆಂಬ ಭರವಸೆ ನನಗಿಲ್ಲ. ಆದ್ದರಿಂದ ಇದನ್ನು ಬಳಸುವಾಗ 1+63ಕ್ಕೆ ತೆಳುಗೊಳಿಸಿ, ಕಾಲವನ್ನು ಸುಮಾರು ಇಮ್ಮಡಿಯಿಂದ ಆರಂಭಿಸಿ, ಒಂದೇ ರೋಲಿದ್ದರೂ 600 ಮಿಲಿಲೀಟರಿನ ತೊಟ್ಟಿಯನ್ನೇ ಬಳಸುತ್ತೇನೆ. ಆಗ ಒಂದು ರೋಲಿಗೆ 9 ಮಿಲಿಲೀಟರಿಗಿಂತ ಹೆಚ್ಚು ಮೂಲದ್ರವ ಸಿಗುತ್ತದೆ.